ಹಳೆಯ ಉಡುಪು, ಹೊಸ ಅಂಗಡಿ

ಅನ್ನ, ಅರಿವೆ, ಆಸರೆ ಈ ಮೂರೂ ಮನುಷ್ಯನಿಗೆ ಅಗತ್ಯವೆಂದು ನಾವೆಲ್ಲರೂ ಚಿಕ್ಕಂದಿನಿಂದ ಓದಿಕೊಂಡು ಬಂದಿದ್ದೇವೆ. ಅನ್ನದ ವಿಚಾರವನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳುತ್ತೇವೆ. ಆಸರೆಯ ವಿಚಾರವನ್ನು ಸಮಾಜಶಾಸ್ತ್ರದ ತರಗತಿಯಲ್ಲಿ ಕೇಳುತ್ತೇವೆ. ಅರಿವೆಯ ವಿಚಾರವನ್ನು ಮಾತ್ರ ಬಟ್ಟೆ ಅಂಗಡಿಯವರಿಗೆ ಬಿಟ್ಟುಬಿಟ್ಟಿದ್ದೇವೆ. ನಾನೂ ಹಾಗೆಯೇ ಬಿಟ್ಟಿದ್ದವಳು. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿಯೇ ಒಂದು ಬಟ್ಟೆ ಅಂಗಡಿಯ ಮಾತು ಹುಟ್ಟಿ, ಆ ವಿಚಾರವು ನನ್ನ ಪಾಲಿಗೆ ಬಂದಿತು. ಅದರಿಂದ ಕಲಿತದ್ದನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಮ್ಮದು ಶಹಾಪುರ ಮತ್ತು ಸುರಪುರಗಳ ನಡುವಿನ ಒಂದು ತಾಂಡಾ. ನನ್ನ ಅಕ್ಕ ಆರು ವರ್ಷ ಬೆಂಗಳೂರಿನ ಗಾರ್ಮೆಂಟಿನಲ್ಲಿ ದುಡಿದು ಊರಿಗೆ ಮರಳಿದಳು. ಕೂಡಿಟ್ಟ ಹಣದಿಂದ ಶಹಾಪುರದ ಪೇಟೆಯಲ್ಲಿ 10 ಅಡಿ ಅಗಲ, 14 ಅಡಿ ಉದ್ದದ ಒಂದು ಮಳಿಗೆಯನ್ನು ಬಾಡಿಗೆಗೆ ಹಿಡಿದಳು. ನಮ್ಮ ಲಂಬಾಣಿ ಹೊಲಿಗೆಯನ್ನು ಹೊಸ ಮಾದರಿಯ ರವಿಕೆ, ಕುರ್ತಾ, ಚೀಲಗಳ ಮೇಲೆ ತಂದು ಮಾರಬೇಕು, ಅಂಗಡಿ ಬೆಂಗಳೂರಿನ ಬೂಟೀಕುಗಳಂತೆ ಇರಬೇಕು ಎಂಬುದು ಅವಳ ಆಸೆ. “ನೀ ಓದಿದಾಕಿ, ಅಂಗಡಿ ಒಳಗ ಹ್ಯಾಂಗ ಇರಬೇಕು ಹೇಳು” ಎಂದು ನನ್ನನ್ನು ಕೇಳಿದಳು. ನಾನು ಹೆಚ್ಚು ಯೋಚಿಸದೆ, ಬಾಗಿಲ ಹತ್ತಿರ ಒಂದು ದೊಡ್ಡ ಗೊಂಬೆಯನ್ನು ನಿಲ್ಲಿಸಿ ಅದಕ್ಕೆ ಅಜ್ಜಿಯ ಹಳೆಯ ಫೇಟಿಯಾ ಉಡಿಸಿದರೆ ಚೆನ್ನಾಗಿರುತ್ತದೆ ಎಂದೆ.

ಅಜ್ಜಿ ಅಲ್ಲಿಯೇ ಕುಳಿತಿದ್ದಳು. ಅವಳು ನಮ್ಮ ಗೋರಬೋಲಿಯಲ್ಲಿ ಆಡಿದ ಮಾತನ್ನು ನಮ್ಮ ಸೀಮೆಯ ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಅದನ್ನ ಉಟ್ಕೊಂಡು ನಾ ಸಂತಿಗೆ ಹೋದಾಗ ಮಂದಿ ನೋಡಿ ನಕ್ಕರು. ಬಸ್ಸಿನ್ಯಾಗ ಬಾಜೂಕ ಕುಂದರಲಿಲ್ಲ. ಈಗ ಅದೇ ಅರಿವಿ ಗೊಂಬಿಗೆ ಉಡಿಸಿದ್ರ ರೊಕ್ಕ ಕೊಡ್ತಾರೇನು? ಉಟ್ಟಾಕಿ ನಾ ಬಂದು ನಿಂತ್ರ ಒಳಗ ಬಿಡ್ತೀರೇನು?”

ನನಗೆ ಉತ್ತರ ಹೊಳೆಯಲಿಲ್ಲ. ಒಂದು ವರ್ಷ ಓದಿ, ಕೇಳಿ, ನೋಡಿ ನಾನು ಕಂಡುಕೊಂಡ ಉತ್ತರವೇ ಮುಂದಿನ ಮಾತುಗಳು.

ಮೂರು ಪದಗಳು

ಮೊದಲು ಪದಗಳ ಅರ್ಥವನ್ನು ತಿಳಿಯುವುದು ಒಳ್ಳೆಯದು. ‘ಬೂಟೀಕ್’ ಎಂಬುದು ಫ್ರೆಂಚ್ ಮಾತು. ಅಂಗಡಿ ಎಂದಷ್ಟೇ ಅದರ ಅರ್ಥ. ಅದರ ಬೇರು ‘ಅಪೊಥೀಕೆ’ ಎಂಬ ಗ್ರೀಕ್ ಪದ, ಅಂದರೆ ಉಗ್ರಾಣ. ‘ವಿಂಟೇಜ್’ ಎಂಬುದು ದ್ರಾಕ್ಷಿಯ ಕೊಯ್ಲಿಗೆ ಸಂಬಂಧಿಸಿದ ಮಾತು. ಯಾವ ವರ್ಷದ ದ್ರಾಕ್ಷಿಯಿಂದ ಯಾವ ಮದ್ಯ ಆಯಿತೆಂದು ಹೇಳಲು ಬಳಸುತ್ತಿದ್ದರು. ಈಗ ಒಂದು ಕಾಲದ ಗುರುತನ್ನು ಉಳಿಸಿಕೊಂಡ ಹಳೆಯ ಉಡುಪಿಗೂ ಅದೇ ಹೆಸರು. ಸಾಮಾನ್ಯವಾಗಿ 20 ವರ್ಷಕ್ಕಿಂತ ಹಳೆಯದಾದ ಉಡುಪನ್ನು ವ್ಯಾಪಾರಿಗಳು ಹಾಗೆ ಕರೆಯುತ್ತಾರೆ. ಮೂರನೆಯದು ‘ಉಪಸಂಸ್ಕೃತಿ’. ದೊಡ್ಡ ಸಮಾಜದ ಒಳಗಿದ್ದುಕೊಂಡೇ ತನ್ನ ಉಡುಗೆ, ಮಾತು, ಹಾಡುಗಳಿಂದ ತಾನು ಬೇರೆ ಎಂದು ತೋರಿಸಿಕೊಳ್ಳುವ ಗುಂಪಿಗೆ ಸಮಾಜಶಾಸ್ತ್ರದಲ್ಲಿ ಈ ಹೆಸರು. ಡಿಕ್ ಹೆಬ್ಡಿಜ್ ಎಂಬ ಇಂಗ್ಲಿಷ್ ವಿದ್ವಾಂಸರು 1979ರಲ್ಲಿ ಪ್ರಕಟಿಸಿದ ಗ್ರಂಥವು ಇಂಥ ಗುಂಪುಗಳ ಉಡುಗೆಯ ಅರ್ಥವನ್ನೇ ಕುರಿತದ್ದು.

ಲಂಡನ್ನಿನ ಒಂದು ಮಳಿಗೆ

ಈ ಮೂರು ಪದಗಳೂ ಒಂದೇ ಕಡೆ ಕೂಡಿದ ಪ್ರಸಿದ್ಧ ಉದಾಹರಣೆಯೊಂದು ಲಂಡನ್ನಿನ ಕಿಂಗ್ಸ್ ರೋಡಿನಲ್ಲಿದೆ. 430ನೆಯ ನಂಬರಿನ ಆ ಚಿಕ್ಕ ಮಳಿಗೆಯಲ್ಲಿ 1971ರಲ್ಲಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲಾರೆನ್ ಎಂಬಿಬ್ಬರು ‘ಲೆಟ್ ಇಟ್ ರಾಕ್’ ಎಂಬ ಅಂಗಡಿಯನ್ನು ತೆರೆದರು. ಅಲ್ಲಿ ಮಾರುತ್ತಿದ್ದುದು ಇಪ್ಪತ್ತು ವರ್ಷ ಹಿಂದಿನ ‘ಟೆಡ್ಡಿ ಬಾಯ್’ಗಳ ಉಡುಪು. ಎರಡನೆಯ ಮಹಾಯುದ್ಧದ ತರುವಾಯ ಲಂಡನ್ನಿನ ದೊಡ್ಡ ದರ್ಜಿಗಳು ಏಳನೆಯ ಎಡ್ವರ್ಡ್ ದೊರೆಯ ಕಾಲದ ಉದ್ದ ಕೋಟನ್ನು ಶ್ರೀಮಂತರಿಗಾಗಿ ಮತ್ತೆ ಹೊಲಿಯತೊಡಗಿದರು. ಅದನ್ನು ಕೂಲಿಕಾರರ ಮನೆಯ ಹುಡುಗರು ತಮ್ಮದಾಗಿ ಮಾಡಿಕೊಂಡರು. ಎಡ್ವರ್ಡ್ ಎಂಬ ಹೆಸರಿನ ಮೊಟಕು ರೂಪವೇ ಟೆಡ್ಡಿ. ಅಂಗಡಿಯ ಒಳಭಾಗವನ್ನು 1950ರ ದಶಕದ ಒಂದು ಸಾಮಾನ್ಯ ಮನೆಯ ಪಡಸಾಲೆಯಂತೆ ಅಣಿಗೊಳಿಸಿದ್ದರು.

ಮುಂದೆ ಆ ಮಳಿಗೆಯ ಹೆಸರು ಹಲವು ಬಾರಿ ಬದಲಾಯಿತು. ಹೆಸರಿನೊಡನೆ ಒಳಾಂಗಣವೂ ಬದಲಾಯಿತು. ‘ಪಂಕ್’ ಎಂಬ ಹುಡುಗ ಹುಡುಗಿಯರ ಪಂಥ ಬೆಳೆದದ್ದು ಇಂಥ ಅಂಗಡಿಗಳ ಸುತ್ತಲೇ. 1980ರಲ್ಲಿ ‘ವರ್ಲ್ಡ್ಸ್ ಎಂಡ್’ ಎಂಬ ಹೆಸರು ಬಂದಾಗ ಹೊರಗೆ 13 ಗಂಟೆಗಳ ಒಂದು ದೊಡ್ಡ ಗಡಿಯಾರವನ್ನು ಹಾಕಿದರು. ಅದರ ಮುಳ್ಳುಗಳು ಹಿಂದಕ್ಕೆ ತಿರುಗುತ್ತವೆ. ಒಳಗಿನ ನೆಲವನ್ನು ಹಡಗಿನ ಅಟ್ಟದಂತೆ ಓರೆಯಾಗಿ ಕಟ್ಟಿಸಿದರು. ಇದರಿಂದ ನಾನು ಕಲಿತ ಪಾಠ ಒಂದೇ: ಅಂಗಡಿಯ ನೆಲ, ಗೋಡೆ, ಬೆಳಕುಗಳೂ ಗಿರಾಕಿಗೆ ಏನನ್ನೋ ಹೇಳುತ್ತವೆ. ಬಾಗಿಲಲ್ಲಿಯೇ ‘ಇದು ಯಾರ ಜಾಗ’ ಎಂಬುದು ತಿಳಿದುಹೋಗುತ್ತದೆ.

ಆದರೆ ಒಂದು ಭೇದವನ್ನು ಮರೆಯಬಾರದು. ಟೆಡ್ಡಿ ಹುಡುಗ ತನ್ನ ಕೋಟನ್ನು ತಾನೇ ಆರಿಸಿಕೊಂಡ. ನಾಲ್ಕು ಜನ ತನ್ನನ್ನು ತಿರುಗಿ ನೋಡಲಿ ಎಂಬುದೇ ಅವನ ಇಚ್ಛೆ. ಬೇಡವೆನಿಸಿದ ದಿನ ಅದನ್ನು ಕಳಚಿಟ್ಟು ಜನರಲ್ಲಿ ಬೆರೆತುಹೋಗಬಲ್ಲ. ನನ್ನ ಅಜ್ಜಿ ಹುಟ್ಟಿನಿಂದ ಬಂದ ಉಡುಪನ್ನು ಉಟ್ಟಳು. ಜನ ತಿರುಗಿ ನೋಡಿದ್ದು ಅವಳಿಗೆ ಬೇಕಾಗಿರಲಿಲ್ಲ. ಆದಕಾರಣ ಲಂಡನ್ನಿನ ಮಳಿಗೆಯ ಜಾಣತನವನ್ನು ನಾವು ಕಲಿಯಬಹುದು. ಅದನ್ನೇ ಶಹಾಪುರದಲ್ಲಿ ನಕಲು ಮಾಡಲು ಬರುವುದಿಲ್ಲ.

ನಮ್ಮ ಉಡುಪಿನ ಹಿನ್ನೆಲೆ

ಲಂಬಾಣಿಗರು ಅಥವಾ ಬಂಜಾರರು ಹಿಂದೆ ಎತ್ತುಗಳ ಹಿಂಡಿನ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದರು. ದಖ್ಖನಿನ ದಂಡುಗಳಿಗೆ ಆಹಾರ ಒದಗಿಸುವುದು ಇವರ ಕೆಲಸವಾಗಿತ್ತು. ಯಾವಾಗಲೂ ದಾರಿಯ ಮೇಲಿರುವ ಜನರಿಗೆ ಪೆಟ್ಟಿಗೆ, ಕಪಾಟುಗಳೆಲ್ಲಿ? ಬೆಲೆಯುಳ್ಳದ್ದೆಲ್ಲವೂ ಮೈಮೇಲೆಯೇ ಇರಬೇಕು. ನಾಣ್ಯ, ಕವಡೆ, ಬೆಳ್ಳಿಯ ಘುಗರಿ ಇವೆಲ್ಲವೂ ಹೆಣ್ಣುಮಕ್ಕಳ ಉಡುಪಿಗೆ ಸೇರಿದ್ದರಲ್ಲಿ ಅಂದದಷ್ಟೇ ಅನುಕೂಲವೂ ಇದ್ದೀತೆಂದು ನನಗೆ ತೋರುತ್ತದೆ. ನೆರಿಗೆಯ ಲಂಗ ಫೇಟಿಯಾ, ಬೆನ್ನ ಹಿಂದೆ ದಾರದಿಂದ ಕಟ್ಟುವ ಕಾಂಚಳಿ, ತಲೆಯ ಮೇಲಿನಿಂದ ಇಳಿಬಿಡುವ ಛಾಂಟಿಯಾ ಎಂಬ ಮೂರು ಸೇರಿ ಒಂದು ಉಡುಪು. ಬೂಟೀಕೆಂದರೆ ಮೂಲದಲ್ಲಿ ಉಗ್ರಾಣವೆಂದು ಮೇಲೆ ಹೇಳಿದೆನಷ್ಟೆ. ಆ ಅರ್ಥದಲ್ಲಿ ನನ್ನ ಅಜ್ಜಿಯ ಅಜ್ಜಿ ತನ್ನ ಬೂಟೀಕನ್ನು ಮೈಮೇಲೆಯೇ ಹೊತ್ತು ನಡೆದವಳು.

1871ನೆಯ ಇಸವಿ ನಮ್ಮ ಪಾಲಿಗೆ ನೆನಪಿಡಬೇಕಾದದ್ದು. ಆ ವರ್ಷ ಮುಂಬಯಿಯ ಕಡೆಯಿಂದ ಬಂದ ರೈಲುಹಾದಿಯೂ ಮದ್ರಾಸಿನ ಕಡೆಯಿಂದ ಬಂದ ರೈಲುಹಾದಿಯೂ ರಾಯಚೂರಿನಲ್ಲಿ ಕೂಡಿದವು. ನಮ್ಮ ಯಾದಗಿರಿ ನಿಲ್ದಾಣ ಅದೇ ಹಾದಿಯ ಮೇಲಿದೆ. ರೈಲು, ರಸ್ತೆಗಳು ಬಂದ ಮೇಲೆ ಎತ್ತಿನ ಹೇರಿನ ವ್ಯಾಪಾರ ನಡೆಯುವುದು ಹೇಗೆ? ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು ತಂದಿತು. ಅಲೆದಾಡುವ ಅನೇಕ ಜನಾಂಗಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಡುವ ಆ ಪದ್ಧತಿ ಮುಂದೆ ಹಲವು ಪ್ರಾಂತಗಳ ಬಂಜಾರರನ್ನೂ ಮುಟ್ಟಿತು. ಸ್ವತಂತ್ರ ಭಾರತವು 1952ರಲ್ಲಿ ಅದನ್ನು ತೆಗೆದುಹಾಕಿತು. ಕಾಯಿದೆ ಹೋದರೂ ಕಣ್ಣು ಬದಲಾಗಲು ತಡವಾಗುತ್ತದೆ. ದೂರದಿಂದಲೇ ಗುರುತು ಸಿಗುವ ಉಡುಪು ಇದ್ದವರಿಗೆ ಆ ಕಣ್ಣಿನ ಕಷ್ಟ ಹೆಚ್ಚು. ನನ್ನ ಯಾಡಿ, ಎಂದರೆ ತಾಯಿ, ಮದುವೆಯಾದ ಕೆಲವೇ ವರ್ಷಗಳಲ್ಲಿ ಫೇಟಿಯಾ ಬಿಟ್ಟು ಸೀರೆ ಉಟ್ಟಳು. ಕಾರಣ ಕೇಳಿದರೆ, “ದುಡಿಯಾಕ ಪುಣೆಕ್ಕ ಹೋದಾಗ ಎಲ್ಲಾರ ಹಂಗ ಕಂಡ್ರ ಸಾಕಾಗಿತ್ತು” ಎನ್ನುತ್ತಾಳೆ.

ಎರಡು ಗ್ರಂಥಗಳ ಕಥೆ

ನಮ್ಮ ಇತಿಹಾಸದ ಅಧ್ಯಾಪಕರು ಒಂದು ದಿನ ಮಾತಿನ ನಡುವೆ ಎರಡು ಗ್ರಂಥಗಳ ಹೆಸರು ಹೇಳಿದರು. ಅವು ನನ್ನ ಪ್ರಶ್ನೆಗೆ ಬಹಳ ಬೆಳಕು ಕೊಟ್ಟವು.

ಮೊದಲನೆಯದು 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬವರು ಸಿದ್ಧಪಡಿಸಿದ ‘ದಿ ಟೆಕ್ಸ್‌ಟೈಲ್ ಮ್ಯಾನುಫ್ಯಾಕ್ಚರ್ಸ್ ಆಫ್ ಇಂಡಿಯಾ’. ಭಾರತದ 700 ಬಗೆಯ ಬಟ್ಟೆಗಳ ನಿಜವಾದ ತುಂಡುಗಳನ್ನು ಕತ್ತರಿಸಿ ಅಂಟಿಸಿದ 18 ಸಂಪುಟಗಳು ಅವು. ಇಂಥ 20 ಜೊತೆಗಳನ್ನು ಮಾಡಿಸಿ 13ನ್ನು ಬ್ರಿಟನ್ನಿನಲ್ಲಿಟ್ಟು 7ನ್ನು ಭಾರತಕ್ಕೆ ಕೊಟ್ಟರು. ಭಾರತೀಯರಿಗೆ ಎಂಥ ಬಟ್ಟೆ ಬೇಕೆಂಬುದನ್ನು ಅಲ್ಲಿನ ಗಿರಣಿಯವರು ನೋಡಿ ತಿಳಿದು, ಅದರಂತೆ ನೇಯ್ದು ಇಲ್ಲಿ ಮಾರಲಿ ಎಂಬುದು ಉದ್ದೇಶ. ಅಲ್ಲಿ ಬಟ್ಟೆಯಿದೆ, ನೇಯ್ದವರ ಹೆಸರು ಇಲ್ಲ.

ಎರಡನೆಯದು ಅದೇ ವಾಟ್ಸನ್ನರೂ ಜಾನ್ ವಿಲಿಯಂ ಕೇ ಎಂಬವರೂ ಸಂಪಾದಿಸಿ 1868ರಿಂದ 1875ರವರೆಗೆ ಹೊರತಂದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟಗಳ ಚಿತ್ರಗ್ರಂಥ. ಜಾತಿ, ಬುಡಕಟ್ಟುಗಳಿಗೊಂದೊಂದರಂತೆ ಛಾಯಾಚಿತ್ರ ತೆಗೆದು, ಇವರ ಉಡುಗೆ ಹೀಗೆ, ಗುಣ ಹೀಗೆ ಎಂದು ಬರೆದಿಟ್ಟಿದ್ದಾರೆ. ಈ ಬರಹದಲ್ಲಿ ಕೈಯಿಟ್ಟವರೊಬ್ಬರು ಸುರಪುರದವರೆಲ್ಲ ಬಲ್ಲ ಮೆಡೋಸ್ ಟೇಲರ್. 1841ರಲ್ಲಿ ಸುರಪುರಕ್ಕೆ ಬಂದು, ರಾಜಾ ವೆಂಕಟಪ್ಪ ನಾಯಕರ ಬಾಲ್ಯಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡು 1853ರವರೆಗೆ ಇದ್ದವರು. ಅವರ ಬಂಗಲೆ ಟೇಲರ್ ಮಂಜಿಲನ್ನು ಇಂದಿಗೂ ಅಲ್ಲಿನ ಬೆಟ್ಟದ ಮೇಲೆ ನೋಡಬಹುದು. ಟೇಲರರು ನಮ್ಮ ಸೀಮೆಯನ್ನು ಪ್ರೀತಿಸಿದವರೆಂದು ಅವರ ಆತ್ಮಚರಿತ್ರೆಯಿಂದ ತಿಳಿಯುತ್ತದೆ. ಆದರೂ ಅವರು ಕೈಜೋಡಿಸಿದ ಆ ಗ್ರಂಥದಲ್ಲಿ ಮನುಷ್ಯರು ಮಾದರಿಗಳಾಗಿ ನಿಂತಿದ್ದಾರೆ; ಬಹುಪಾಲು ಮಂದಿಗೆ ಸ್ವಂತ ಹೆಸರಿಲ್ಲ, ಜಾತಿಯ ಹೆಸರಷ್ಟೇ ಇದೆ.

ಒಂದು ಗ್ರಂಥದಲ್ಲಿ ಜನರಿಲ್ಲದ ಬಟ್ಟೆ. ಇನ್ನೊಂದರಲ್ಲಿ ಬಟ್ಟೆಗೆ ಕಟ್ಟಿಹಾಕಿದ ಜನ. ಹಳೆಯ ಉಡುಪಿನಿಂದ ಅಂಗಡಿ ಕಟ್ಟುವವರು ಇಂದಿಗೂ ಈ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಮೊದಲನೆಯ ತಪ್ಪನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಜ್ಜಿಗೆ ಎರಡು ಒಳ್ಳೆಯ ಫೇಟಿಯಾಗಳಿದ್ದವು. ಒಂದನ್ನು, ನಾನು ಚಿಕ್ಕವಳಿದ್ದಾಗ, ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಬಂದಾಗ ಒಂದು ಸ್ಟೀಲಿನ ಕೊಡಕ್ಕೆ ಕೊಟ್ಟುಬಿಟ್ಟಳು. ಆ ಕೊಡ ಇನ್ನೂ ಮನೆಯಲ್ಲಿದೆ. ಹಲವು ವರ್ಷಗಳ ತರುವಾಯ ಒಂದು ದೊಡ್ಡ ಊರಿನ ಅಂಗಡಿಯಲ್ಲಿ ಅಂಥದೇ ಕೆಲಸದ ಹಳೆಯ ಬಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸಿ ದಿಂಬಿನ ಚೀಲ ಮಾಡಿದ್ದನ್ನು ನೋಡಿದೆ. ಒಂದೊಂದರ ಬೆಲೆಯಲ್ಲಿ ನಮ್ಮ ಕೊಡದಂಥ ಎಷ್ಟೋ ಕೊಡಗಳು ಬರುತ್ತಿದ್ದವು. ಅದು ಅಜ್ಜಿಯದೇ ಎಂದು ನಾನು ಹೇಳಲಾರೆ. ಯಾವಳೋ ಒಬ್ಬ ಅಜ್ಜಿಯದು ಎಂಬುದಂತೂ ನಿಜ. ಎರಡನೆಯ ತಪ್ಪನ್ನು ನಾನೇ ಮಾಡಲು ಹೊರಟಿದ್ದೆ; ಗೊಂಬೆಯ ಮಾತು ಅದೇ ಅಲ್ಲವೆ?

ಸಂಡೂರಿನ ದಾರಿ

ಬೇರೆ ದಾರಿ ಇಲ್ಲವೆಂದಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ‘ಸಂಡೂರು ಕುಶಲ ಕಲಾ ಕೇಂದ್ರ’ವು ಲಂಬಾಣಿ ಹೆಣ್ಣುಮಕ್ಕಳಿಂದ ಹೊಸ ಬಟ್ಟೆಯ ಮೇಲೆ ಹಳೆಯ ಹೊಲಿಗೆ ಹಾಕಿಸಿ ಮಾರುತ್ತದೆ. ಕೀಲನ್, ವೇಲೆ, ಬಕ್ಯಾ, ಮಕಿ, ನಾಕ್ರಾ ಮೊದಲಾಗಿ 14 ಬಗೆಯ ಹೊಲಿಗೆಗಳನ್ನು ಅವರು ಹೆಸರಿಸುತ್ತಾರೆ. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕಿಂತ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಇಲ್ಲಿ ವ್ಯಾಪಾರ ಮಾಡುವವರು ತಿಳಿಯಬೇಕಾದ ಒಂದು ಕಾನೂನಿನ ಸಂಗತಿ ಇದೆ. ಭೌಗೋಳಿಕ ಗುರುತು ಒಂದು ಸೀಮೆಗೆ ಸೇರಿದ್ದು. ಒಂದು ಜನಾಂಗಕ್ಕೆ ಸೇರಿದ್ದಲ್ಲ. ಶಹಾಪುರದಲ್ಲಿ ಹೊಲಿದದ್ದನ್ನು, ಹೊಲಿಗೆ ಒಂದೇ ಆಗಿದ್ದರೂ, ‘ಸಂಡೂರು ಕಸೂತಿ’ ಎಂದು ಮಾರುವಂತಿಲ್ಲ. ಅಕ್ಕ ಬೋರ್ಡಿನ ಮೇಲೆ ಹಾಗೆ ಬರೆಸಬೇಕೆಂದಿದ್ದಳು. ನಾನು ತಡೆದೆ. ನಮ್ಮ ಹೊಲಿಗೆಗೆ ನಮ್ಮ ತಾಂಡಾದ ಹೆಸರೇ ಸಾಕು.

ಅಂಗಡಿಯ ವಿನ್ಯಾಸ

ಇನ್ನು ನಾವು ಮಳಿಗೆಯನ್ನು ಹೇಗೆ ಅಣಿಗೊಳಿಸಿದೆವೆಂಬುದನ್ನು ಹೇಳುತ್ತೇನೆ. ಇಂಥ ಅಂಗಡಿ ಇಡಬೇಕೆನ್ನುವ ಸಹಪಾಠಿಗಳಿಗೆ ಇದರಿಂದ ಉಪಯೋಗವಾದೀತು.

ಒಂದು, ಹಳೆಯ ಬಟ್ಟೆಯನ್ನು ಕತ್ತರಿಸುವುದಿಲ್ಲ, ಮಾರುವುದೂ ಇಲ್ಲ. ಉಳಿದ ಒಂದು ಫೇಟಿಯಾ ಅಂಗಡಿಗೆ ಮಾದರಿ ಗ್ರಂಥವಿದ್ದಂತೆ. ಅದರ ಹೊಲಿಗೆಯನ್ನು ನೋಡಿ ಹೊಸ ಖಾದಿಯ ಮೇಲೆ ಹಾಕುತ್ತಾರೆ.

ಎರಡು, ಗೊಂಬೆ ಬೇಡವೆಂದು ತೀರ್ಮಾನಿಸಿದೆವು. ಕನ್ನಡಿ, ನಾಣ್ಯ, ಕವಡೆಗಳಿಂದ ಫೇಟಿಯಾ ಬಹಳ ಭಾರ. ಗೂಟಕ್ಕೆ ತೂಗುಹಾಕಿದರೆ ತನ್ನ ಭಾರದಿಂದಲೇ ನಡುಪಟ್ಟಿಯ ಹತ್ತಿರ ಹರಿಯುತ್ತದೆ. ಆದ್ದರಿಂದ ಅಡ್ಡಲಾದ ಅಗಲ ಪೆಟ್ಟಿಗೆಯೊಂದರಲ್ಲಿ ಒಗೆದ ಬಿಳಿ ಅರಿವೆ ಹಾಸಿ, ಅದರ ಮೇಲೆ ಮಲಗಿಸಿ, ಗಾಜು ಮುಚ್ಚಿದ್ದೇವೆ. ಕಬ್ಬಿಣದ ಮೊಳೆ, ಪಿನ್ನು ತಾಗಿಸಬಾರದು. ತುಕ್ಕಿನ ಕಲೆ ಹೋಗುವುದಿಲ್ಲ.

ಮೂರು, ಬೆಳಕು. ಬಣ್ಣಕ್ಕೆ ಬಿಸಿಲೇ ಶತ್ರು. ಒಂದು ಮೀಟರು ದೂರದ ಒಂದು ಮೇಣದಬತ್ತಿಯ ಬೆಳಕು ಸುಮಾರು ಒಂದು ಲಕ್ಸ್. ಹಳೆಯ ಬಟ್ಟೆಗೆ ಸುಮಾರು 50 ಲಕ್ಸ್ ಮೀರಬಾರದೆಂದು ವಸ್ತುಸಂಗ್ರಹಾಲಯಗಳ ನಿಯಮ. ನಮ್ಮ ಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸಿನ ಹತ್ತಿರ ಹೋಗುತ್ತದೆ. ಮಳಿಗೆಯ ಮುಖ ಪಡುವಣಕ್ಕಿರುವುದರಿಂದ ಫೇಟಿಯಾವನ್ನು ಒಳಗಿನ ಮೂಲೆಯಲ್ಲಿಟ್ಟೆವು. ಹೊಸ ಬಟ್ಟೆಗಾದರೋ ಲೆಕ್ಕ ಬೇರೆ. ಟ್ಯೂಬ್‌ಲೈಟಿನ ಸಮನಾದ ಬೆಳಕಿನಲ್ಲಿ ಕನ್ನಡಿಗಳು ಮಂಕಾಗಿ ಕಾಣುತ್ತವೆ. ಪಕ್ಕದಿಂದ ಬೀಳುವ ಎರಡು ಚಿಕ್ಕ ಬಲ್ಬುಗಳಿಟ್ಟರೆ, ನೋಡುವವರು ಒಂದು ಹೆಜ್ಜೆ ಸರಿದಾಗ ಕನ್ನಡಿಗಳು ಮಿನುಗುತ್ತವೆ. ಈ ಉಡುಪು ನಡೆಯುವವರದೆಂಬುದು ಆಗ ಕಣ್ಣಿಗೆ ತಿಳಿಯುತ್ತದೆ.

ನಾಲ್ಕು, ಹಿಂಬದಿ. ಅಜ್ಜಿ ಯಾವ ಹೊಲಿಗೆಯನ್ನಾದರೂ ಮೊದಲು ತಿರುಗಿಸಿ ನೋಡುತ್ತಾಳೆ. ಆದ್ದರಿಂದ ಮಾರುವ ಪ್ರತಿಯೊಂದು ಬಟ್ಟೆಯನ್ನೂ ಒಂದು ಮೂಲೆ ಮಡಚಿ, ಹಿಂಬದಿ ಕಾಣುವಂತೆ ಇಡುತ್ತೇವೆ. ಕೈಹೊಲಿಗೆ ಯಾವುದು, ಯಂತ್ರದ್ದು ಯಾವುದು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಐದು, ಬೆಲೆಯ ಚೀಟಿ. ಅಂಗೈಯಗಲದ ಒಂದು ಪಟ್ಟಿಗೆ ಎಷ್ಟು ಹೊತ್ತು ಬೇಕೆಂದು ಗಡಿಯಾರ ಇಟ್ಟು ನೋಡಿದೆ. ಅಜ್ಜಿಗೆ 9 ಗಂಟೆ ಹಿಡಿಯಿತು. 8 ಗಂಟೆಯ ದುಡಿಮೆಗೆ ನಮ್ಮ ಸೀಮೆಯ ದಿನಗೂಲಿ ಎಷ್ಟೋ ಅದರಿಂದ ಲೆಕ್ಕ ಹಾಕಿದರೆ, ದಾರ, ಕನ್ನಡಿಗಳ ಖರ್ಚು ಬಿಟ್ಟು, ಆ ಪಟ್ಟಿಗೇ ಒಂದು ದಿನದ ಕೂಲಿಗಿಂತ ಹೆಚ್ಚು ಬರಬೇಕು. ಚೀಟಿಯ ಮೇಲೆ ಹೊಲಿದವಳು ಒಪ್ಪಿದರೆ ಅವಳ ಹೆಸರು, ಹಿಡಿದ ಗಂಟೆಗಳು, ಅವಳಿಗೆ ಸಂದ ಹಣ, ಅಂಗಡಿಯ ಪಾಲು ಎಂದು ನಾಲ್ಕು ಸಾಲು ಬರೆಯುತ್ತೇವೆ.

ಆರು, ಕೂಡುವ ಜಾಗ. ಮಳಿಗೆಯ ಮುಂಭಾಗದ ಮೂರಡಿಯನ್ನು ಮಾರಾಟಕ್ಕೆ ಬಳಸದೆ ಶಹಾಬಾದಿ ಫರಸಿಯ ಒಂದು ಕಟ್ಟೆ ಮಾಡಿಸಿದೆವು. ಬೆಳಗಿನ ಹೊತ್ತು ಅಲ್ಲಿ ನೆರಳಿರುತ್ತದೆ. ಹೊಲಿಯುವವರು ಅಲ್ಲಿ ಕೂಡುತ್ತಾರೆ. ಅಷ್ಟು ಜಾಗ ವ್ಯರ್ಥವೆಂದು ಅಕ್ಕ ಮೊದಲು ಬಹಳ ವಾದಿಸಿದಳು. ಸಂತೆಗೆ ಬಂದ ತಾಂಡಾದ ಹೆಂಗಸರು ಅಂಜದೆ ಮೆಟ್ಟಿಲು ಹತ್ತುವುದನ್ನು ನೋಡಿದ ಮೇಲೆ ಸುಮ್ಮನಾದಳು.

ಕೊನೆಯ ಮಾತು

ಇದೆಲ್ಲವನ್ನೂ ಓದಿ ಅಂಗಡಿ ಭರದಿಂದ ನಡೆದಿದೆಯೆಂದು ಯಾರೂ ತಿಳಿಯಬಾರದು. ತಿಂಗಳ ಬಾಡಿಗೆ ಹುಟ್ಟುವುದು ಇಂದಿಗೂ ಸೀರೆಗೆ ಫಾಲು ಹಚ್ಚುವುದು, ಪಿಕೋ ಮಾಡುವುದು, ರವಿಕೆ ಹೊಲಿಯುವುದು ಇವುಗಳಿಂದಲೇ. ಬೆಲೆಯ ಚೀಟಿ ಓದಿ, “ಇಷ್ಟಾ?” ಎಂದು ಇಟ್ಟುಹೋಗುವವರೇ ಹೆಚ್ಚು. ಕನ್ನಡಿಯ ಚಿತ್ರ ಅಚ್ಚು ಹಾಕಿದ ಅಗ್ಗದ ಬಟ್ಟೆ ಪೇಟೆಯಲ್ಲಿ ಬೇಕಾದಷ್ಟಿದೆ. ಬೆಲೆ ಇಳಿಸೋಣವೆ ಎಂಬ ಅಕ್ಕನ ಪ್ರಶ್ನೆ ತಿಂಗಳಿಗೊಮ್ಮೆ ಏಳುತ್ತದೆ. ಇಳಿಸಿದರೆ ಯಾರ ಪಾಲಿನಿಂದ ಇಳಿಸುವುದು ಎಂಬ ನನ್ನ ಪ್ರಶ್ನೆಯೂ ಅದರ ಹಿಂದೆಯೇ ಏಳುತ್ತದೆ. ಸದ್ಯಕ್ಕೆ ಮೊಬೈಲ್ ಇಡುವ ಚಿಕ್ಕ ಚೀಲಗಳನ್ನು ಮಾಡಿ ದಾರಿ ಕಂಡುಕೊಂಡಿದ್ದೇವೆ.

ಅಂಗಡಿ ತೆರೆದ ವಾರದಲ್ಲಿ ಅಜ್ಜಿ ಬಂದಳು. ಯಾರೂ ಕರೆಯುವ ಮೊದಲೇ ಕಟ್ಟೆಯ ಮೇಲೆ ಕುಳಿತು, ಒಂದು ಚೀಲ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಒಂದು ಕಡೆ ಹೊಲಿಗೆ ಸಡಿಲವಾಗಿತ್ತು. “ಇದನ್ನ ಬಿಚ್ಚಿ ಮತ್ತ ಹಾಕು” ಎಂದು ಅಕ್ಕನಿಗೆ ಹೇಳಿದಳು. ಅಕ್ಕ ಬಿಚ್ಚಿ ಮತ್ತೆ ಹಾಕಿದಳು. ‘ನಾ ಬಂದು ನಿಂತ್ರ ಒಳಗ ಬಿಡ್ತೀರೇನು’ ಎಂಬ ಪ್ರಶ್ನೆಯನ್ನು ಅವಳು ಮತ್ತೆ ಕೇಳಿಲ್ಲ.

ಹಳೆಯ ಉಡುಪಿನಿಂದ ಹೊಸ ಅಂಗಡಿ ಕಟ್ಟುವವರಿಗೆ ನನ್ನ ಅಲ್ಪ ಅನುಭವದ ಮಾತು ಇಷ್ಟೇ: ಆ ಉಡುಪನ್ನು ಉಟ್ಟವಳು ಯಜಮಾನಿಯಂತೆ ಬಂದು ಕೂತು, ತಪ್ಪು ಹುಡುಕಬಲ್ಲ ಜಾಗ ಅದಾಗಿರಬೇಕು. ನೆಲ, ಬೆಳಕು, ಬೆಲೆಗಳ ಮಿಕ್ಕ ವಿಚಾರವೆಲ್ಲ ಅದರಿಂದ ಹುಟ್ಟುತ್ತದೆ. ಸಹಪಾಠಿಗಳಲ್ಲಿ ಒಂದು ವಿಜ್ಞಾಪನೆ ಮಾಡಿ ಮುಗಿಸುತ್ತೇನೆ. ನಿಮ್ಮ ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಇಳಕಲ್ ಸೀರೆಯೋ, ಗುಳೇದಗುಡ್ಡದ ಖಣವೋ, ಕೌದಿಯೋ, ಕಾಂಚಳಿಯೋ ಇದ್ದೀತು. ಅದನ್ನು ಯಾರು ಹೊಲಿದರು, ಯಾರು ಉಟ್ಟರು, ಯಾವಾಗ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಹೇಳಬಲ್ಲವರು ಇನ್ನೂ ಮನೆಯಲ್ಲಿರುವಾಗಲೇ ಕೇಳಿ ಬರೆದಿಡಿರಿ. ಪಾತ್ರೆಯವರು ಓಣಿಗೆ ಬರುವ ಮೊದಲು ಈ ಕೆಲಸ ಆಗಬೇಕು.

— ಅಂತಿಮ ಬಿ.ಎ. ವಿದ್ಯಾರ್ಥಿನಿ